ಪಹಣಿ ದೂರ ಹೋದ ಕತೆ
ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಜಮೀನಿನ ಲೆಕ್ಕ ಹಿಂದೆ ಶಾನುಭೋಗರ ಬಳಿ ಇರುತ್ತಿತ್ತು. 1961ರ ಕಾಯ್ದೆ ಆ ವಂಶಪಾರಂಪರ್ಯದ ಹುದ್ದೆಯನ್ನು ರದ್ದು ಮಾಡಿದ ಮೇಲೆ ಪಹಣಿ ಗ್ರಾಮ ಲೆಕ್ಕಿಗರ ಕೈಗೆ ಬಂತು. 9ನೇ ಕಾಲಂನಲ್ಲಿ ಒಡೆಯನ ಹೆಸರು, 11ರಲ್ಲಿ ಸಾಲ, 12ರಲ್ಲಿ ಸಾಗುವಳಿ: ಒಂದು ಕುಟುಂಬದ ಬದುಕೇ ಆ ಹಾಳೆಯಲ್ಲಿ. ಅದನ್ನು ತಿದ್ದುವ ಅವಕಾಶ ಮಾತ್ರ ಒಬ್ಬರ ಲೇಖನಿಯಲ್ಲಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆದರೆ ಆಗ ಸರ್ವರ್ ಇದ್ದದ್ದು ತಾಲ್ಲೂಕು ಕಚೇರಿಯಲ್ಲೇ. 15 ರೂಪಾಯಿ ಕೊಟ್ಟರೆ ಅಲ್ಲೇ ಮುದ್ರಿಸಿ ಕೊಡುತ್ತಿದ್ದರು. ದಾಖಲೆ ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿದ್ದು ಆಮೇಲೆ.

ಹೀಗೆ ದೂರ ಇಟ್ಟದ್ದು ತಪ್ಪಲ್ಲ. ತಾಲ್ಲೂಕಿನ ಡಿಸ್ಕ್ ಕೆಟ್ಟರೆ, ಯಾರಾದರೂ ಒಳಗೇ ತಿದ್ದಿದರೆ ಗತಿಯೇನು ಎಂಬ ವಾದಕ್ಕೆ ತೂಕವಿದೆ. ಆದರೆ ದೂರದ ಸಂಗ್ರಹ ನಿಂತಿರುವುದು ನಡುವಿನ ತಂತಿಯ ಮೇಲೆ. ತಮ್ಮದೇ ಸರ್ವರಿಗೆ ದೂರದ ಡಿಸ್ಕನ್ನು ಒಂದು ಫೋಲ್ಡರಿಗೆ ಜೋಡಿಸಿಕೊಂಡವರಿಗೆ, ಅಂದರೆ ಮೌಂಟ್ ಮಾಡಿಕೊಂಡವರಿಗೆ, ಇದು ಗೊತ್ತು: ಸಂಪರ್ಕ ಸಿಗುವ ಮೊದಲೇ ಆ್ಯಪ್ ಶುರುವಾದರೆ ಅದಕ್ಕೆ ಕಾಣುವುದು ಖಾಲಿ ಫೋಲ್ಡರ್, ಅದನ್ನೇ ನಿಜವೆಂದು ನಂಬಿ ಅಲ್ಲಿಯೇ ಬರೆಯತೊಡಗುತ್ತದೆ. ಡಿಸ್ಕ್ ಮೌಂಟ್ ಆದಮೇಲೆ ಆ ಬರಹ ಅದರಡಿ ಮರೆಯಾಗುತ್ತದೆ. ಆದ್ದರಿಂದ ಬರೆಯುವ ಕೆಲಸವನ್ನು ಸಂಪರ್ಕ ಬರುವ ತನಕ ಕಾಯಿಸಬೇಕು. ಓದುವುದಕ್ಕೆ ಒಂದು ಪ್ರತಿಯನ್ನು ಹತ್ತಿರವೇ ಇಡಬೇಕು. ‘ಸರ್ವರ್ ಇಲ್ಲ’ ಎಂಬ ಮಾತು ಕೇಳಿ ಕಬಿನಿ ಬಯಲಿನ ರೈತ ಬರಿಗೈಲಿ ಬಸ್ಸು ಹತ್ತುವಂತಾಗಬಾರದು.