ಅಮೃತಮಹಲಿನ ಕಾವಲುಗಳೂ ಎರೆಭೂತ ಪಕ್ಷಿಯೂ



ಗುರುಪುರವನ್ನೊಳಗೊಂಡ ಹುಣಸೂರು ಸೀಮೆ ಎಂದೊಡನೆ ನಮಗೆ ಕಾಡು ನೆನಪಾಗುವುದು ಸಹಜ. ಆದರೆ ಚರಿತ್ರೆಯಲ್ಲಿ ಆ ಊರಿಗೆ ಹುಲ್ಲುಗಾವಲಿನ ಸಂಬಂಧವೂ ಉಂಟು. ಅಮೃತಮಹಲ್ ಇಲಾಖೆಯ ಮುಖ್ಯ ಠಾಣ್ಯವು ಬಹುಕಾಲ ಹುಣಸೂರಿನಲ್ಲಿದ್ದಿತು.

ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆಚಾವಡಿಯೇ ಈ ಇಲಾಖೆಯ ಮೂಲ. ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನ. ಫಿರಂಗಿಗಳನ್ನೂ ದಂಡಿನ ಸಾಮಾನನ್ನೂ ವೇಗವಾಗಿ ಎಳೆಯಬಲ್ಲ ಎತ್ತುಗಳು ಬೇಕಾಗಿದ್ದುವು. ಅವುಗಳ ಮೇವಿಗಾಗಿ ಬೇಸಗೆ, ಮಳೆಗಾಲ, ಚಳಿಗಾಲಗಳಿಗೆ ತಕ್ಕಂತೆ ವಿಂಗಡಿಸಿದ ಕಾವಲುಗಳು ಸಂಸ್ಥಾನದಲ್ಲೆಲ್ಲ ಮೀಸಲಾಗಿದ್ದುವು. ಅಲ್ಲಿ ನೇಗಿಲೂಡುವಂತಿರಲಿಲ್ಲ.

ಎತ್ತಿಗೆಂದು ಕಾದಿಟ್ಟ ಇಂತಹ ಬಯಲುಗಳು, ಚಿತ್ರದುರ್ಗದ ಕಡೆಯವು ವಿಶೇಷವಾಗಿ, ಇನ್ನೊಂದು ಜೀವಿಗೂ ನೆಲೆಯಾದುವು. ಅದೇ ನಮ್ಮ ಎರೆಭೂತ. ಎರಲಡ್ಡು ಎಂದೂ ಹೇಳುವರು. ಮೀಟರಿನಷ್ಟು ಎತ್ತರ, ಗಂಡು 15 ಕಿಲೋಗ್ರಾಂ ವರೆಗೂ ತೂಗುವುದುಂಟು. ಪ್ರಾಣಿಶಾಸ್ತ್ರಜ್ಞರು ಇದನ್ನು ಅರ್ಡಿಯೋಟಿಸ್ ಎಂಬ ಕುಲಕ್ಕೆ ಸೇರಿಸುತ್ತಾರೆ. ಈ ಕುಲದಲ್ಲಿ ನಾಲ್ಕೇ ಪ್ರಭೇದಗಳು: ಆಫ್ರಿಕದ ಕೋರಿ, ಅರಬ್ಬೀ ಹೆಸರನ್ನು ಹೊತ್ತು ಹೆಚ್ಚಾಗಿ ಆಫ್ರಿಕದಲ್ಲೇ ವಾಸಿಸುವ ಪ್ರಭೇದ, ಆಸ್ಟ್ರೇಲಿಯದ್ದು, ಮತ್ತು ನಮ್ಮದು. ನಾಲ್ಕೂ ನೆಲದ ಮೇಲೆ ನಡೆದಾಡಿ, ಗೂಡು ಕಟ್ಟದೆ ಬರಿಯ ನೆಲದಲ್ಲೇ ಮೊಟ್ಟೆಯಿಡುವುವು. ನಮ್ಮದು ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುವುದು. ಆದಕಾರಣ ಬಯಲು ಹೋದರೆ ಇದಕ್ಕೆ ಬೇರೆ ಆಶ್ರಯವಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಅರಸರಾಗಲಿ ಅಧಿಕಾರಿಗಳಾಗಲಿ ಈ ಹಕ್ಕಿಗಾಗಿ ಕಾವಲುಗಳನ್ನು ಉಳಿಸಲಿಲ್ಲ. ದೊರೆಗಳು ಅದನ್ನು ಬೇಟೆಯಾಡುತ್ತಲೂ ಇದ್ದರು. ಎತ್ತಿನ ಪ್ರಯೋಜನವೇ ಅದಕ್ಕೆ ರಕ್ಷೆಯಾಗಿದ್ದಿತು. 1860ರಲ್ಲಿ ಖರ್ಚು ಉಳಿಸಲೆಂದು ಮಂದೆಗಳನ್ನು ಮಾರಿ, 1866ರಲ್ಲಿ ಇಲಾಖೆಯನ್ನು ಮರಳಿ ಸ್ಥಾಪಿಸಿದರು. ಮೋಟಾರು ಬಂದ ಮೇಲಾದರೋ ಎತ್ತಿನ ಕಾಲವೇ ಮುಗಿಯಿತು. ಕಾವಲು ‘ಬೀಳು ಭೂಮಿ’ ಎನಿಸಿತು. ಸಾಗುವಳಿಗೂ ನೀಲಗಿರಿ ತೋಪುಗಳಿಗೂ ಹಂಚಿಹೋಯಿತು. ಈ ಶತಮಾನದಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆಗಳು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಸಂದುವು.

ಕಾಯಿದೆ ಇಲ್ಲವೆಂದಲ್ಲ. 1972ರ ವನ್ಯಜೀವಿ ಶಾಸನವು ಈ ಪಕ್ಷಿಯನ್ನು ಮೊದಲನೆಯ ಅನುಸೂಚಿಯಲ್ಲಿಟ್ಟಿತು. 1974ರಲ್ಲಿ ರಾಣಿಬೆನ್ನೂರಿನ ಅಭಯಾರಣ್ಯವೂ ಏರ್ಪಟ್ಟಿತು. ಆದರೂ 2011ರಲ್ಲಿ ಇದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಇಂದು ದೇಶದಲ್ಲೆಲ್ಲ ಉಳಿದಿರುವುವು ಇನ್ನೂರಕ್ಕೂ ಕಡಮೆ, ಬಹುಮಟ್ಟಿಗೆ ರಾಜಸ್ಥಾನದಲ್ಲಿ. ಕರ್ಣಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರಗುಪ್ಪದ ಎರೆಹೊಲಗಳೇ ಅದರ ಕೊನೆಯ ನೆಲೆ.

ಮರವಿಲ್ಲದ ನೆಲವನ್ನು ಬಂಜರೆಂದು ಬರೆದುಕೊಳ್ಳುವ ಅಭ್ಯಾಸ ನಮ್ಮ ದಫ್ತರಗಳಲ್ಲಿ ಬೇರೂರಿದೆ. ಹಳೆಯ ಅಮೃತಮಹಲ್ ಇಲಾಖೆ ಹಕ್ಕಿಯ ಹೆಸರನ್ನೇ ಎತ್ತದಿದ್ದರೂ, ಹುಲ್ಲಿಗೆ ಬೆಲೆಯುಂಟೆಂಬುದನ್ನು ಬಲ್ಲುದಾಗಿದ್ದಿತು. ಉಳಿದಿರುವ ಕಾವಲುಗಳನ್ನು ಕುರಿತು ತೀರ್ಮಾನಿಸುವವರು ಅಷ್ಟನ್ನಾದರೂ ನೆನಪಿಡಬೇಕು.