ಮಳೆನಾಡಿನಲ್ಲಿ ಬಿಸಿಲಿನ ದೀಪ

ಬಿಸಿಲಿನ ಬೆಲೆ ಮಲೆನಾಡಿನವರಿಗೆ ಗೊತ್ತಿರುವಷ್ಟು ಬಯಲುಸೀಮೆಯವರಿಗೆ ಗೊತ್ತಿಲ್ಲ. ರಾಯಚೂರಿನವನು ನೆರಳು ಹುಡುಕಿಕೊಂಡು ಹೋಗುತ್ತಾನೆ. ಸಿರಸಿ, ಸಾಗರ, ಕೊಪ್ಪದ ಕಡೆಯವನು ಬಿಸಿಲು ಹುಡುಕಿಕೊಂಡು ಹೋಗುತ್ತಾನೆ. ಚಾಲಿ ಅಡಿಕೆ ಮಾಡುವವನು ಹಣ್ಣಡಿಕೆಯನ್ನು ನಲವತ್ತು ದಿನ ಒಣಗಿಸಬೇಕು. ಮನೆಯ ಮುಂದಿನ ಅಂಗಳದಲ್ಲಿ ಯಾವ ಹೊತ್ತಿಗೆ ಯಾವ ಮರದ ನೆರಳು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಅವನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಸುತ್ತ ತೋಟ, ಹಿಂದೆ ಬೆಟ್ಟ, ಆಚೆಗೆ ಕಾಡು. ಆಕಾಶ ಬಿಚ್ಚಿಕೊಂಡಿರುವುದು ಆ ಅಂಗಳದ ಮೇಲೆ ಮಾತ್ರ.

ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯ ಮುಖ ತೋರಿಸಲು ಸಂಕೋಚಪಡುವ ಇಂಥ ನಾಡಿನಲ್ಲಿ ಬಿಸಿಲಿನಿಂದ ದೀಪ ಹಚ್ಚುವ ಫಲಕಗಳು ಮನೆಮನೆಗೆ ಬರತೊಡಗಿ ಮೂವತ್ತು ವರ್ಷವಾಗುತ್ತ ಬಂದಿತು. ಬೆಂಗಳೂರಿನ ನಮಗೆ ‘ಸೋಲಾರ್’ ಎಂದರೆ ಸ್ನಾನದ ಬಿಸಿನೀರು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಅಲ್ಲಿ ಮಕ್ಕಳು ಸೋಲಾರ್ ದೀಪದ ಕೆಳಗೆ ಮಗ್ಗಿ ಬಾಯಿಪಾಠ ಮಾಡುತ್ತಿದ್ದರು. ಬಿಸಿಲಿನ ಯಂತ್ರ ಬಿಸಿಲಿನ ನಾಡನ್ನು ಬಿಟ್ಟು ಮಳೆಯ ನಾಡಿಗೆ ಏಕೆ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಕಥೆ ಬಹಳ ದೂರದಿಂದ ಆರಂಭವಾಗುತ್ತದೆ.

ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುವುದನ್ನು ಮೊದಲು ಕಂಡವನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್. ಅದು 1839, ಅವನಿಗೆ ಆಗ ಹತ್ತೊಂಬತ್ತು ವರ್ಷ. ಆಮೇಲೆ ನೂರು ವರ್ಷಗಳಿಗೂ ಹೆಚ್ಚು ಕಾಲ ಅದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. ಅದನ್ನು ಕೆಲಸಕ್ಕೆ ಹಚ್ಚಿದ್ದು ಅಮೆರಿಕದ ಬೆಲ್ ಪ್ರಯೋಗಾಲಯ. ಹಚ್ಚಿದ್ದು ಯಾವ ಕಾರಣಕ್ಕೆ ಎಂಬುದೇ ನನಗೆ ಬಹಳ ಸ್ವಾರಸ್ಯವಾಗಿ ಕಂಡಿರುವ ಸಂಗತಿ. ದೂರದ ಊರುಗಳಿಗೆ ಟೆಲಿಫೋನ್ ಒಯ್ಯುವಾಗ ದಾರಿಯಲ್ಲಿಡುವ ಉಪಕರಣಗಳಿಗೆ ಒಣಕೋಶಗಳು ಬೇಕಾಗುತ್ತಿದ್ದವು. ತಂಪು ನಾಡುಗಳಲ್ಲಿ ಅವು ಚೆನ್ನಾಗಿ ಬಾಳಿಕೆ ಬರುತ್ತಿದ್ದವು. ಬಿಸಿ, ತೇವ ಎರಡೂ ಇರುವ ಉಷ್ಣವಲಯದಲ್ಲಿ ಬೇಗನೆ ಕೆಡುತ್ತಿದ್ದವು. ಇದಕ್ಕೆ ಬೇರೆ ದಾರಿ ಹುಡುಕು ಎಂದು ಡ್ಯಾರಿಲ್ ಚಾಪಿನ್ ಎಂಬ ಎಂಜಿನಿಯರನಿಗೆ ಹೇಳಲಾಯಿತು. ಅವನು ಮೊದಲು ಸೆಲೆನಿಯಮ್ಮಿನಿಂದ ಪ್ರಯತ್ನಿಸಿದ. ನೂರು ಪಾಲು ಬೆಳಕಿನಲ್ಲಿ ಒಂದು ಪಾಲೂ ಕೈಗೆ ಸಿಗಲಿಲ್ಲ. ಜೊತೆಯವರಾದ ಜೆರಾಲ್ಡ್ ಪಿಯರ್ಸನ್, ಕ್ಯಾಲ್ವಿನ್ ಫುಲ್ಲರ್ ಸಿಲಿಕಾನಿನ ಕಡೆಗೆ ತಿರುಗಿಸಿದರು. 1954ರ ಏಪ್ರಿಲ್ 25ರಂದು ನೂರಕ್ಕೆ ಆರು ಪಾಲು ದಕ್ಕಿಸಿಕೊಂಡ ಕೋಶವನ್ನು ಪತ್ರಿಕೆಯವರ ಮುಂದಿಟ್ಟು, ಅದರಿಂದ ಜಾತ್ರೆಯ ತಿರುಗುತೊಟ್ಟಿಲಿನಂಥ ಒಂದು ಪುಟ್ಟ ಆಟಿಕೆಯನ್ನು ತಿರುಗಿಸಿ ತೋರಿಸಿದರು. ಮರುಭೂಮಿಯ ಕಲ್ಪನೆಯಿಂದ ಹುಟ್ಟಿದ ವಸ್ತುವಲ್ಲ ಇದು ಎಂಬುದನ್ನು ಓದುಗರು ಗಮನಿಸಬೇಕು. ತೇವದ ನಾಡಿನ ತೊಂದರೆಯೊಂದಕ್ಕೆ ಮದ್ದು ಹುಡುಕುತ್ತಿದ್ದವರ ಕೈಗೆ ಸಿಕ್ಕಿದ್ದು.

ಬೆಲೆ ಮಾತ್ರ ಕೇಳುವಂತಿರಲಿಲ್ಲ. 1956ರಲ್ಲಿ ಒಂದು ವಾಟ್ ಕೊಡುವ ಕೋಶಕ್ಕೆ 286 ಡಾಲರ್. ಸಾಧಾರಣ ಅಮೆರಿಕನ್ ಮನೆಯೊಂದಕ್ಕೆ ಸಾಕಾಗುವಷ್ಟು ಬೇಕೆಂದರೆ ಹದಿನಾಲ್ಕು ಲಕ್ಷ ಡಾಲರಿಗೂ ಮೇಲೆ ಎಂದು ಚಾಪಿನ್ನನೇ ಲೆಕ್ಕ ಹಾಕಿದ. ಆದ್ದರಿಂದ ಅದು ಮನೆಗಳಿಗೆ ಬಾರದೆ 1958ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹವನ್ನೇರಿ ಆಕಾಶಕ್ಕೆ ಹೋಯಿತು. ಅಲ್ಲಿಂದ ಇಳಿದ ಮೇಲೂ ಮೊದಲು ಆಶ್ರಯ ಪಡೆದದ್ದು ತಂತಿ ತಲುಪದ ಕಡೆಗಳಲ್ಲಿ. 1966ರಲ್ಲಿ ಜಪಾನಿನ ನಾಗಸಾಕಿ ಪ್ರಾಂತದ ಓಗಾಮಿ ದ್ವೀಪದ ದೀಪಸ್ತಂಭಕ್ಕೆ ಶಾರ್ಪ್ ಕಂಪನಿಯವರು 225 ವಾಟಿನ ಫಲಕಗಳನ್ನು ಹಾಕಿದರು. ಸಮುದ್ರದ ಗಾಳಿ, ಮಳೆ, ಚಂಡಮಾರುತಗಳ ನಡುವೆ ಹಡಗುಗಳಿಗೆ ದಾರಿ ತೋರಿಸಿದ್ದು ಬಿಸಿಲಿನ ದೀಪ. ಇದ್ದದ್ದು ಬಿಸಿಲಿನ ಅನುಕೂಲಕ್ಕಿಂತ ಹೆಚ್ಚಾಗಿ ತಂತಿಯ ಅಭಾವ. ಮಲೆನಾಡಿನಲ್ಲಿ ನಡೆದದ್ದೂ ಇದೇ.

ನಮ್ಮ ನಾಡಿನ ವಿದ್ಯುತ್ತಿನ ಕಥೆ ಮಳೆಯ ಕಥೆಯೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಅದು ಕೊಡಗಿನಲ್ಲಿ ಸುರಿದ ಮಳೆ. 1948ರಲ್ಲಿ ಜೋಗದ ವಿದ್ಯುದಾಗಾರ ಬಂದಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರಿನಲ್ಲಿ ಗದ್ದೆ, ತೋಟ, ದೇವಸ್ಥಾನ, ಸಂತೆಯ ಬಯಲು ಎಲ್ಲ ಮುಳುಗಿದವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ ಕಾಡು ದಾಟಿ, ಘಟ್ಟ ದಾಟಿ, ಪಟ್ಟಣಗಳ ಕಾರ್ಖಾನೆಗಳಿಗೆ ಹೋಯಿತು. ಗೋಪುರಗಳ ಕೆಳಗಿನ ಮನೆಗಳಲ್ಲಿ ಚಿಮಣಿ ಬುಡ್ಡಿ, ಲಾಟೀನು. ನಮ್ಮ ದೀಪಕ್ಕೆ ಎಣ್ಣೆಯಾಗಿ ಸುರಿದ ಮಳೆ ಅದು ಬಿದ್ದ ಊರಿಗೆ ಬೆಳಕು ಕೊಡಲು ಮರೆತದ್ದನ್ನು ನಾವು ಪಟ್ಟಣಿಗರು ಅಷ್ಟಾಗಿ ನೆನೆಸಿಕೊಳ್ಳುವುದಿಲ್ಲ.

ಇದರಲ್ಲಿ ದುರುದ್ದೇಶವೇನೂ ಇರಬೇಕಾಗಿಲ್ಲ. ಬಯಲುಸೀಮೆಯಲ್ಲಿ ಊರೆಂದರೆ ಒಟ್ಟಾಗಿ ಕೂತ ನೂರು ಮನೆ. ಹತ್ತು ಕಂಬ ನೆಟ್ಟರೆ ಕೆಲಸವಾಯಿತು. ಮಲೆನಾಡಿನಲ್ಲಿ ಊರೆಂದರೆ ಒಂದು ಕಣಿವೆಗೆ ಒಂದು ಮನೆ, ಗುಡ್ಡದಾಚೆ ಇನ್ನೊಂದು. ಒಂದು ದೀಪಕ್ಕಾಗಿ ಕಾಡಿನೊಳಗೆ ಒಂದು ಮೈಲಿ ತಂತಿ ಎಳೆಯಬೇಕು. ಎಳೆದರೂ ಮೃಗಶಿರದ ಮೊದಲ ಗಾಳಿಗೆ ಅದರ ಮೇಲೆ ಮರ ಬೀಳುತ್ತದೆ. ತಂತಿ ಬಂದ ಮನೆಗಳಲ್ಲಿಯೂ ಮಳೆಗಾಲದಲ್ಲಿ ವಾರಗಟ್ಟಲೆ ಕತ್ತಲೆಯಿರುವುದು ಅಲ್ಲಿಯವರಿಗೆ ಹೊಸತಲ್ಲ.

ಭಾರತದಲ್ಲಿ ಸೌರಕೋಶ ತಯಾರಾಗತೊಡಗಿದ್ದು ಎಪ್ಪತ್ತರ ದಶಕದ ಕೊನೆಗೆ, ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ. 1989ರಲ್ಲಿ ಬೆಂಗಳೂರಿನಲ್ಲಿಯೇ ಟಾಟಾ ಬಿಪಿ ಸೋಲಾರ್ ಆರಂಭವಾಯಿತು. ಸರಕು ಸಿದ್ಧವಿತ್ತು, ಅದನ್ನು ಹೊತ್ತುಕೊಂಡು ಕಾಡಿನ ಮನೆಗೆ ಹೋಗುವವರಿರಲಿಲ್ಲ. ಖರಗ್‌ಪುರದಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದ ಹರೀಶ್ ಹಂದೆಯವರು ಡೊಮಿನಿಕನ್ ರಿಪಬ್ಲಿಕ್ಕಿನ ಬಡವರು ದುಡ್ಡು ಕೊಟ್ಟು ಸೌರದೀಪ ಹಾಕಿಸಿಕೊಳ್ಳುವುದನ್ನು ಕಂಡು ಬಂದು, 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆಗೂಡಿ ಸೆಲ್ಕೊ ಸಂಸ್ಥೆಯನ್ನು ಹುಟ್ಟುಹಾಕಿದರು. ಕರಾವಳಿ, ಮಲೆನಾಡುಗಳು ಅದರ ದೊಡ್ಡ ಕಾರ್ಯಕ್ಷೇತ್ರವಾದವು. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸಿದ್ದವರು ನಗದು ಕೊಟ್ಟು ಹಾಕಿಸಿಕೊಳ್ಳಬಹುದಾಗಿತ್ತು, ಉಳಿದವರ ಪಾಡೇನು?

ಇಲ್ಲಿ ಬ್ಯಾಂಕುಗಳ ಮಾತು ಬರುತ್ತದೆ. ಎಮ್ಮೆಗೆ ಸಾಲ ಕೊಡಬಹುದು, ಪಂಪಿಗೆ ಕೊಡಬಹುದು. ದೀಪಕ್ಕೆ ಕೊಟ್ಟರೆ ದೀಪವೇನು ಹಾಲು ಕರೆಯುತ್ತದೆಯೆ? ಬ್ಯಾಂಕಿನವರ ಸಂದೇಹ ಅಷ್ಟೇನೂ ಅನ್ಯಾಯದ್ದಲ್ಲ. ಆದರೆ ಈ ಕರಾವಳಿಯ ಬ್ಯಾಂಕುಗಳ ಹುಟ್ಟೇ ಬೇರೆ ಬಗೆ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ. 1928ರಲ್ಲಿ ಉಡುಪಿಯವರು ಪಿಗ್ಮಿ ಠೇವಣಿ ಎಂದು ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಹೋಗಿ ಸಂಗ್ರಹಿಸತೊಡಗಿದರು. ಚಿಲ್ಲರೆ ಕಾಸಿಗೆ ಮರ್ಯಾದೆ ಕೊಟ್ಟು ಬೆಳೆದ ಬ್ಯಾಂಕುಗಳಿವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಬಡ್ಡಿಯ ಹೊರೆಯನ್ನು ತುಸು ಹೊತ್ತುಕೊಳ್ಳಲು ಮುಂದೆ ಬಂದಾಗ ಇವೆರಡೂ ಬ್ಯಾಂಕುಗಳು ಸೌರದೀಪಕ್ಕೆ ಸಾಲ ಕೊಡಲು ಒಪ್ಪಿದವು. ಕರ್ನಾಟಕ, ಕೇರಳಗಳಲ್ಲಿ ನಾಲ್ಕೇ ವರ್ಷದೊಳಗೆ ಹದಿನೆಂಟು ಸಾವಿರದಷ್ಟು ಮನೆಗಳಿಗೆ ಸಾಲ ಹೋಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಉಡುಪಿಯ ಬ್ಯಾಂಕು 2020ರಲ್ಲಿ ಮಂಗಳೂರಿನ ಬ್ಯಾಂಕಿನೊಳಗೆ ಕರಗಿಹೋಯಿತು. ಆ ಮಾತು ಇಲ್ಲಿ ಬೇಡ.

ದುಡ್ಡೇನೋ ಹುಟ್ಟಿತು, ಪುನರ್ವಸು, ಪುಷ್ಯ ಮಳೆಗಳನ್ನು ದಾಟುವುದು ಹೇಗೆ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಈ ಲೆಕ್ಕವನ್ನು ನಾನು ಒಬ್ಬ ಅಡಿಕೆ ಬೆಳೆಗಾರರ ಜಗಲಿಯಲ್ಲಿ ಕೂತು ಕೇಳಿ ತಿಳಿದುಕೊಂಡೆ. ಸುಮಾರು 37 ವಾಟಿನ ಒಂದು ಫಲಕ, ಹನ್ನೆರಡು ವೋಲ್ಟಿನ 60 ಆಂಪಿಯರ್-ಗಂಟೆಯ ಒಂದು ಬ್ಯಾಟರಿ, ಒಂಬತ್ತು ವಾಟಿನ ನಾಲ್ಕು ದೀಪ: ಮೊದಲ ಕಾಲದ ಸಂಸಾರ ಹೆಚ್ಚುಕಡಿಮೆ ಇಷ್ಟು. ನಾಲ್ಕೂ ದೀಪ ಮೂರು ಗಂಟೆ ಉರಿದರೆ 108 ವಾಟ್-ಗಂಟೆ ಬೇಕು. ಮಾಘದ ಬಿಸಿಲಿನಲ್ಲಿ ಫಲಕ ಅದಕ್ಕಿಂತ ಹೆಚ್ಚೇ ಕೊಡುತ್ತದೆ. ಕಪ್ಪಗೆ ಮುಚ್ಚಿದ ಆಷಾಢದ ದಿನ ಮಾತ್ರ ಮೂವತ್ತೋ ನಲವತ್ತೋ ಕೊಟ್ಟರೆ ಅದೇ ಪುಣ್ಯ. ತುಂಬಿದ ಬ್ಯಾಟರಿಯ ಅರ್ಧವನ್ನಷ್ಟೇ ಮುಟ್ಟಬೇಕು. ಆ ಅರ್ಧ ಎಂದಿನ ಖರ್ಚಿಗೆ ಮೂರು ದಿನ ಬರುತ್ತದೆ. ಎರಡೇ ದೀಪ ಹಚ್ಚಿದರೆ ಆರು ದಿನ. ಒಂದೇ ದೀಪವಾದರೆ, ಮೋಡದೊಳಗಿಂದ ಒಸರುವ ಬೆಳಕೂ ಸೇರಿ, ಮಳೆಗಾಲವನ್ನೇ ದಾಟಬಹುದು.

“ಮಳೆಗಾಲದಲ್ಲಿ ಅಕ್ಕಿ ಅಳೆದು ಹಾಕುವುದಿಲ್ಲವೆ? ಹಾಗೆಯೇ ಇದು” ಎಂದರು ಮನೆಯ ಯಜಮಾನರು. ಅಡಿಗೆಮನೆಯ ದೀಪ ಆರಿಸಬಾರದು, ಜಗಲಿಯದು ನೆಂಟರು ಬಂದರೆ ಮಾತ್ರ, ಕೊಟ್ಟಿಗೆಯದು ದನ ಕರು ಹಾಕುವ ರಾತ್ರಿಗೆ. ಈ ಕಟ್ಟಳೆಯನ್ನು ಮಾಡಿದವರು ಅವರ ಹೆಂಡತಿ ಎಂಬುದು ಮಾತಿನ ನಡುವೆ ತಿಳಿಯಿತು.

ಹಾಕಿಸುವುದರಲ್ಲಿಯೂ ಒಂದು ಶಾಸ್ತ್ರವಿದೆ. ಮಂಗಳೂರು ಹಂಚಿನ ಮಾಡಿನ ಮೇಲೆ ಕಾಲಿಟ್ಟರೆ ಹಂಚು ಒಡೆಯುತ್ತದೆ, ಒಡೆದಲ್ಲಿ ಸೋರುತ್ತದೆ. ಆದ್ದರಿಂದ ಹಲವರು ಅಂಗಳದ ಅಂಚಿನಲ್ಲಿ ಕಬ್ಬಿಣದ ಕೊಳವೆ ನೆಟ್ಟು ಅದರ ತುದಿಗೆ ಫಲಕ ಕೂರಿಸಿದರು. ಅಡಿಕೆ ಒಣಗಿಸುವ ಜಾಗವೇ ದೀಪಕ್ಕೂ ಬಿಸಿಲು ಕೊಟ್ಟಿತು. ಒಂದು ಅಡಿಕೆ ಸೋಗೆಯ ನೆರಳು ಒಂದೆರಡು ಕೋಶಗಳ ಮೇಲೆ ಬಿದ್ದರೂ ಸರಪಳಿಯಂತೆ ಜೋಡಿಸಿದ ಇಡೀ ಫಲಕ ಸೊರಗುತ್ತದೆ. ಫಲಕವನ್ನು ದಕ್ಷಿಣಕ್ಕೆ ವಾಲಿಸುವುದು ವಾಡಿಕೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ಇರುತ್ತಾನೆ. ಆದರೂ ಬಾಧಕವಿಲ್ಲ, ಮೋಡದ ಬೆಳಕಿಗೆ ದಿಕ್ಕಿಲ್ಲ, ಅದು ಇಡೀ ಆಕಾಶದಿಂದ ಇಳಿಯುತ್ತದೆ. ಮಳೆ ಗಾಜಿನ ಧೂಳನ್ನು ತೊಳೆದುಕೊಡುತ್ತದೆ, ತಂಪಿನಲ್ಲಿ ಸಿಲಿಕಾನು ಚುರುಕಾಗಿ ಕೆಲಸ ಮಾಡುತ್ತದೆ. ಆದರೆ ಅದೇ ಮಳೆ ಗಾಜಿನ ಕೆಳಅಂಚಿನಲ್ಲಿ ಪಾಚಿ ಬೆಳೆಸುತ್ತದೆ; ಒರೆಸದಿದ್ದರೆ ಅದೂ ನೆರಳೇ. ಎಲ್ಲಕ್ಕಿಂತ ದೊಡ್ಡ ಶತ್ರು ಅರೆಹೊಟ್ಟೆಯ ಬ್ಯಾಟರಿ. ಸೀಸದ ಬ್ಯಾಟರಿ ವಾರಗಟ್ಟಲೆ ಪೂರ್ತಿ ತುಂಬದೆ ಉಳಿದರೆ ಅದರ ತಗಡುಗಳ ಮೇಲೆ ಗಟ್ಟಿ ಪೊರೆ ಕಟ್ಟುತ್ತದೆ. ಮಲೆನಾಡಿನಲ್ಲಿ ಸೋಲಾರ್ ‘ಕೆಟ್ಟಿತು’ ಎಂದರೆ ಹೆಚ್ಚಿನ ಪಾಲು ಕೆಟ್ಟದ್ದು ಬ್ಯಾಟರಿ. ಫಲಕಗಳು ಇಪ್ಪತ್ತು ವರ್ಷ ದಾಟಿಯೂ ಕೆಲಸ ಮಾಡುತ್ತವೆ.

ಕೆಲವು ಮನೆಗಳಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನು ಕೂರಿಸಿಕೊಂಡಿದ್ದಾರೆ. ಜೂನಿನಿಂದ ಪುಷ್ಯಮಾಸದವರೆಗೆ ಹಳ್ಳದ ವಿದ್ಯುತ್ತು. ಹಳ್ಳ ಬತ್ತಿದ ಮೇಲೆ ಬಿಸಿಲಿನ ವಿದ್ಯುತ್ತು. ಪ್ರಕೃತಿ ಇಷ್ಟು ಚೆನ್ನಾಗಿ ಪಾಳಿ ಹಂಚಿಕೊಟ್ಟಿರುವುದನ್ನು ನಾನು ಬೇರೆಲ್ಲಿಯೂ ನೋಡಿಲ್ಲ.

ಮೋಡದ ನಾಡಿನ ಸೌರವಿದ್ಯುತ್ತೆಂದರೆ ಜರ್ಮನಿಯ ಹೆಸರು ಹೇಳದಿರಲಾಗದು. ಅಲ್ಲಿ ಒಂದು ಚದರ ಮೀಟರಿಗೆ ವರ್ಷಕ್ಕೆ ಬೀಳುವ ಬಿಸಿಲು ಸಾವಿರದ ಚಿಲ್ಲರೆ ಯೂನಿಟ್ಟು. ಮಳೆಯ ಮಂಗಳೂರಿನಲ್ಲಿಯೂ ಅದರ ಒಂದೂವರೆಯಷ್ಟು ಬೀಳುತ್ತದೆ. ಆದರೂ 1990ರಲ್ಲಿ ‘ಸಾವಿರ ಮಾಡು’ಗಳ ಯೋಜನೆ ಹೂಡಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ ಫಲಕ ಹಾಕಿಸಿದರು. 2000ದ ಕಾನೂನು ಮನೆಯವನು ತಂತಿಗೆ ಕೊಟ್ಟ ಪ್ರತಿ ಯೂನಿಟ್ಟಿಗೆ 99 ಫೆನಿಗ್ಗಿನ ದರವನ್ನು ಇಪ್ಪತ್ತು ವರ್ಷದ ಮಾತಾಗಿ ಬರೆದುಕೊಟ್ಟಿತು. ಅವರು ಬ್ಯಾಟರಿಯ ಗೋಜಿಗೆ ಹೋಗಲಿಲ್ಲ. ಬೇಸಿಗೆಯ ಹೆಚ್ಚಳವನ್ನು ತಂತಿಗೆ ಕೊಟ್ಟು, ಚಳಿಗಾಲದಲ್ಲಿ ತಂತಿಯಿಂದ ಪಡೆದರು. ಅವರ ತಂತಿ ಕಡಿಯುವುದು ಅಪರೂಪ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆ ಇದೇ ದಾರಿಯದು. ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ. ಬೆಂಗಳೂರಿನ ತಾರಸಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಲೆನಾಡಿನ ಮಾತೇ ಬೇರೆ. ತಂತಿಗೆ ಜೋಡಿಸಿದ ಈ ಯಂತ್ರ, ತಂತಿ ಸತ್ತ ಕ್ಷಣವೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನಿನ ಜೀವ ಉಳಿಯಬೇಕಾದರೆ ಹಾಗೆ ನಿಲ್ಲಲೇಬೇಕು. ಮರ ಬಿದ್ದು ಎಂಟು ದಿನ ತಂತಿ ಇಲ್ಲವೆನ್ನಿ. ಮೂರು ಕಿಲೋವಾಟಿನ ಫಲಕ ಮಾಡಿನ ಮೇಲಿದ್ದೂ, ನಡುವೆ ಹೊಳವಾಗಿ ಬಿಸಿಲು ಬಂದರೂ, ಒಳಗೆ ಒಂದು ದೀಪ ಹೊತ್ತದು. 37 ವಾಟಿನ ಹಳೆಯ ಫಲಕ ಆಷಾಢದ ಕತ್ತಲೆಯನ್ನು ಅಳತೆಯಾಗಿ ಇಟ್ಟುಕೊಂಡು ಹಾಕಿದ್ದು. ಹೊಸದು ವರ್ಷದ ಬಿಲ್ಲನ್ನು ಅಳತೆಯಾಗಿ ಇಟ್ಟುಕೊಂಡಿದೆ. ಬ್ಯಾಟರಿಯನ್ನೂ ಕೂಡಿಸಿ ನಡೆಸುವ ಇನ್ವರ್ಟರುಗಳು ಇಲ್ಲದಿಲ್ಲ. ಆದರೆ ಸಹಾಯಧನ ಕಿಲೋವಾಟಿನ ಲೆಕ್ಕದಲ್ಲಿ ಸಿಗುತ್ತದೆ, ಬ್ಯಾಟರಿಯ ಖರ್ಚು ಮನೆಯವನ ಮೇಲೆ. ಮಳೆನಾಡಿಗೆ ಒಂದು ಬೇರೆ ಪಟ್ಟಿ ಮಾಡಿ ಬ್ಯಾಟರಿಗೂ ನೆರವು ಕೊಡುವುದು ಸರ್ಕಾರಕ್ಕೆ ದೊಡ್ಡ ಮಾತಲ್ಲವೆಂದು ನನಗೆ ತೋರುತ್ತದೆ.

ನಾನು ಕಂಡ ಜಗಲಿಯ ಯಜಮಾನರು ಈಗ ಹೊಸ ಫಲಕಗಳನ್ನು ಹಾಕಿಸಿದ್ದಾರೆ. ಹಳೆಯ ಕೊಳವೆ, ಅದರ ತುದಿಯ ಹಳೆಯ ಫಲಕ ಅಂಗಳದ ಅಂಚಿನಲ್ಲಿ ಹಾಗೆಯೇ ಇವೆ. ಬ್ಯಾಟರಿ ಮಾತ್ರ ನಾಲ್ಕನೆಯದು. ಅಡಿಗೆಮನೆಯ ದೀಪವನ್ನು ಹೊಸ ತಂತಿಗೆ ಸೇರಿಸಲು ಅವರ ಹೆಂಡತಿ ಒಪ್ಪಿಲ್ಲ.