ತಡವಾದ ತಾಯ್ತನ: ವಯಸ್ಸಿನ ಗಡಿಗಳ ಒಂದು ಚರಿತ್ರೆ

ಕರ್ನಾಟಕದ ಸಾಮಾಜಿಕ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಮದುವೆಯ ವಯಸ್ಸಿಗೆ ದೊರೆತಷ್ಟು ಗಮನ ಹೆರಿಗೆಯ ವಯಸ್ಸಿಗೆ ದೊರೆತಿಲ್ಲ. ಬಾಲ್ಯವಿವಾಹ ಮತ್ತು ವಿಧವೆಯರ ಸ್ಥಿತಿಗತಿಗಳ ಬಗೆಗೆ ವಿಪುಲವಾದ ಬರವಣಿಗೆ ಇದೆ. ಸ್ತ್ರೀಯೊಬ್ಬಳು ಯಾವ ವಯಸ್ಸಿನವರೆಗೆ ಹೆರುತ್ತಿದ್ದಳು, ಆ ಮಿತಿಯನ್ನು ನಿರ್ಧರಿಸುತ್ತಿದ್ದವರು ಯಾರು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಅಂಚಿನಲ್ಲೇ ಉಳಿದಿವೆ. ಮೂವತ್ತೈದು ದಾಟಿದ ಮೇಲೆ ಮಗುವನ್ನು ಪಡೆಯುವುದು ಇತ್ತೀಚಿನ ನಗರಜೀವನದ ಸೃಷ್ಟಿ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಅರ್ಧಸತ್ಯ. ಹಿಂದೆಯೂ ಆ ವಯಸ್ಸಿನಲ್ಲಿ ಹೆರಿಗೆಗಳಾಗುತ್ತಿದ್ದವು. ಆದರೆ ಅವು ಬಹುಪಾಲು ಕಡೆಯ ಹೆರಿಗೆಗಳು. ಇಂದು ಅದೇ ವಯಸ್ಸಿನಲ್ಲಿ ಚೊಚ್ಚಲ ಹೆರಿಗೆಯಾಗುತ್ತಿರುವುದು ಹೊಸದು. ಈ ವ್ಯತ್ಯಾಸವನ್ನು ಗುರುತಿಸದೆ ತಡವಾದ ತಾಯ್ತನದ ಲಾಭನಷ್ಟಗಳನ್ನು ತೂಗಲು ಬರುವುದಿಲ್ಲ.

ಗರ್ಭನಿರೋಧವನ್ನು ಒಪ್ಪದ ಸಮುದಾಯಗಳ ಅಧ್ಯಯನ ಈ ವಿಷಯದಲ್ಲಿ ಬೆಳಕು ಚೆಲ್ಲುತ್ತದೆ. ಉತ್ತರ ಅಮೆರಿಕದ ಹಟರೈಟ್ ಪಂಗಡದ ಸ್ತ್ರೀಯರನ್ನು ಕುರಿತು ಕ್ರಿಸ್ಟೋಫರ್ ಟೀಟ್ಸೆ ೧೯೫೭ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಡೆಯ ಹೆರಿಗೆಯ ಸರಾಸರಿ ವಯಸ್ಸು ಸುಮಾರು ೪೧. ನಲವತ್ತರ ವೇಳೆಗೆ ಮೂರರಲ್ಲಿ ಒಂದು ಭಾಗದಷ್ಟು ಸ್ತ್ರೀಯರೂ, ನಲವತ್ತೈದರ ವೇಳೆಗೆ ಶೇ. ೮೭ರಷ್ಟು ಸ್ತ್ರೀಯರೂ ಹೆರುವ ಶಕ್ತಿಯನ್ನು ಕಳೆದುಕೊಂಡಿದ್ದರು. ಔಷಧಗಳಿಂದಾಗಲಿ ಕಾನೂನಿನಿಂದಾಗಲಿ ಬದಲಾಗದ ದೇಹದ ಮಿತಿ ಇದು. ಭಾರತದಲ್ಲಿ ಈ ಮಿತಿಯನ್ನು ಮುಟ್ಟುವ ಮೊದಲೇ ಹೆರಿಗೆಗಳು ನಿಲ್ಲಲು ಬೇರೆ ಕಾರಣಗಳಿದ್ದವು. ಎಳೆಯ ವಯಸ್ಸಿನ ವೈಧವ್ಯ ಒಂದು. ಮನೆಗೆ ಸೊಸೆ ಬಂದ ಮೇಲೆ, ಮೊಮ್ಮಗು ಹುಟ್ಟಿದ ಮೇಲೆ ಅತ್ತೆ ಬಸುರಾಗುವುದು ನಾಚಿಕೆಗೇಡು ಎಂಬ ಭಾವನೆ ಮತ್ತೊಂದು. ಡೇವಿಡ್ ಮ್ಯಾಂಡಲ್‌ಬಾಮ್ ಅವರಂಥ ಮಾನವಶಾಸ್ತ್ರಜ್ಞರು ಈ ಸಂಕೋಚವನ್ನು ದಾಖಲಿಸಿದ್ದಾರೆ. ದೇಹ ಎಳೆದ ಗೆರೆಗಿಂತ ಒಳಗೆ ಸಮಾಜ ಎಳೆದ ಇನ್ನೊಂದು ಗೆರೆ ಇತ್ತು.

ಪ್ರಭುತ್ವ ಈ ಕ್ಷೇತ್ರವನ್ನು ಪ್ರವೇಶಿಸಿದ್ದು ಮದುವೆಯ ಮೂಲಕ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, ೧೮೯೪ರಲ್ಲಿ, ಮೈಸೂರು ಸಂಸ್ಥಾನವು ಶಿಶುವಿವಾಹ ತಡೆಯ ಕಾನೂನನ್ನು ಜಾರಿಗೆ ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಪುರುಷನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇದರ ಎರಡನೆಯ ಅಂಶ ವಿಶೇಷವಾಗಿ ಗಮನಾರ್ಹ: ಪುರುಷನ ಇಳಿವಯಸ್ಸನ್ನೂ ಕಾನೂನು ಪರಿಗಣಿಸಿತ್ತು. ೧೯೨೯ರ ಶಾರದಾ ಕಾಯ್ದೆ ಹೆಣ್ಣಿನ ಕನಿಷ್ಠ ವಯಸ್ಸನ್ನು ೧೪ ಎಂದು ಗೊತ್ತುಪಡಿಸಿತು. ೧೯೭೮ರ ತಿದ್ದುಪಡಿ ಅದನ್ನು ೧೮ಕ್ಕೆ ಏರಿಸಿತು. ಈ ನಡುವೆ ೧೯೩೦ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ನಡೆಸಿದ ಇಂತಹ ಕೇಂದ್ರಗಳಲ್ಲಿ ಇವು ಜಗತ್ತಿನಲ್ಲೇ ಮೊದಲನೆಯವು ಎಂದು ಪರಿಗಣಿತವಾಗಿವೆ. ಸ್ವಾತಂತ್ರ್ಯಾನಂತರ ವಿಶ್ವಸಂಸ್ಥೆ ಹಾಗೂ ಭಾರತ ಸರ್ಕಾರ ಕೂಡಿ ಕೈಗೊಂಡ ಮೈಸೂರು ಜನಸಂಖ್ಯಾ ಅಧ್ಯಯನ ೧೯೬೧ರಲ್ಲಿ ಪ್ರಕಟವಾಯಿತು. ಈ ಎಲ್ಲ ಪ್ರಯತ್ನಗಳ ಕಾಳಜಿ ತೀರ ಎಳೆಯ ವಯಸ್ಸಿನ ಹಾಗೂ ಅತಿಯಾದ ಹೆರಿಗೆಗಳನ್ನು ಕುರಿತದ್ದು. ತಡವಾದ ಚೊಚ್ಚಲ ಹೆರಿಗೆ ಆಗಿನ್ನೂ ಸಮಸ್ಯೆಯಾಗಿ ಕಾಣಿಸಿಕೊಂಡಿರಲಿಲ್ಲ.

ಅದನ್ನು ಸಮಸ್ಯೆಯಾಗಿ ಗುರುತಿಸಿದ್ದು ವೈದ್ಯಶಾಸ್ತ್ರ. ೧೮೬೬ರಲ್ಲಿ ಲ್ಯಾಂಗ್ಡನ್ ಡೌನ್ ವಿವರಿಸಿದ ಬುದ್ಧಿಮಾಂದ್ಯದ ಲಕ್ಷಣಗಳು ದೊಡ್ಡ ಕುಟುಂಬಗಳ ಕಡೆಯ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುತ್ತಿದ್ದುದರಿಂದ, ಸತತ ಹೆರಿಗೆಗಳಿಂದ ತಾಯಿಯ ಶಕ್ತಿ ಬತ್ತುವುದೇ ಕಾರಣವೆಂದು ಊಹಿಸಲಾಗಿತ್ತು. ಲಯನೆಲ್ ಪೆನ್ರೋಸ್ ೧೯೩೩ರಲ್ಲಿ ಅಂಕಿಅಂಶಗಳನ್ನು ಬಿಡಿಸಿ ನೋಡಿ, ಕಾರಣವಿರುವುದು ಮಗುವಿನ ಸರದಿಯಲ್ಲಲ್ಲ, ತಂದೆಯ ವಯಸ್ಸಿನಲ್ಲೂ ಅಲ್ಲ, ತಾಯಿಯ ವಯಸ್ಸಿನಲ್ಲಿ ಎಂದು ತೋರಿಸಿದರು. ೧೯೫೯ರಲ್ಲಿ ಜೆರೋಮ್ ಲೆಜ್ಯೂನ್ ಮತ್ತು ಸಂಗಡಿಗರು ೨೧ನೆಯ ವರ್ಣತಂತು ಒಂದು ಹೆಚ್ಚಾಗಿರುವುದನ್ನು ಪ್ರಕಟಿಸಿದರು. ಇಪ್ಪತ್ತೈದರ ತಾಯಿಯಲ್ಲಿ ಸುಮಾರು ೧,೨೫೦ ಹೆರಿಗೆಗಳಿಗೆ ಒಂದರಷ್ಟಿರುವ ಈ ಸಂಭವ, ಮೂವತ್ತೈದರಲ್ಲಿ ಸುಮಾರು ೩೫೦ಕ್ಕೆ ಒಂದು, ನಲವತ್ತರಲ್ಲಿ ೧೦೦ಕ್ಕೆ ಒಂದು, ನಲವತ್ತೈದರಲ್ಲಿ ೩೦ಕ್ಕೆ ಒಂದರಂತೆ ಏರುತ್ತದೆ.

ಈ ಏರಿಕೆಯಲ್ಲಿ ಮೂವತ್ತೈದು ಎಂಬುದು ಪ್ರಕೃತಿ ನೆಟ್ಟ ಗಡಿಗಲ್ಲಲ್ಲ. ಗರ್ಭಜಲ ಪರೀಕ್ಷೆ ಬಳಕೆಗೆ ಬಂದಾಗ, ಪರೀಕ್ಷೆಯಿಂದಲೇ ಗರ್ಭ ಕಳೆದುಹೋಗುವ ಅಪಾಯವನ್ನೂ ದೋಷ ಪತ್ತೆಯಾಗುವ ಸಂಭವವನ್ನೂ ತೂಗಿ ವೈದ್ಯರು ಒಪ್ಪಿಕೊಂಡ ಗೆರೆ ಅದು. ಭಾರತದಲ್ಲಿ ಆ ಪರೀಕ್ಷೆ ಹೆಣ್ಣುಭ್ರೂಣದ ಪತ್ತೆಗೆ ದುರ್ಬಳಕೆಯಾದಾಗ ೧೯೯೪ರ ಕಾಯ್ದೆ ಅದನ್ನು ನಿರ್ಬಂಧಿಸಿತು. ಪರೀಕ್ಷೆಗೆ ಅವಕಾಶವಿರುವ ಸಂದರ್ಭಗಳಲ್ಲಿ ಗರ್ಭಿಣಿಗೆ ೩೫ ಮೀರಿರುವುದನ್ನೂ ಸೇರಿಸಿತು. ವೈದ್ಯಕೀಯ ಅನುಕೂಲದ ಗೆರೆ ಹೀಗೆ ಶಾಸನದ ಗೆರೆಯಾಯಿತು. ೨೦೦೭ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ ವಯಸ್ಸನ್ನು ಲೆಕ್ಕಿಸದೆ ಎಲ್ಲ ಗರ್ಭಿಣಿಯರಿಗೂ ಪರೀಕ್ಷೆಯ ಅವಕಾಶವಿರಬೇಕೆಂದು ಸೂಚಿಸಿದ ಮೇಲೆ ಆ ಗೆರೆಯ ಮಹತ್ವ ಕುಗ್ಗಿತು.

ತಾಯಿಯೊಬ್ಬಳ ವಯಸ್ಸನ್ನೇ ಹೊಣೆಯಾಗಿಸುವ ವಾಡಿಕೆಯನ್ನೂ ಸಂಶೋಧನೆ ತಿದ್ದಿದೆ. ಜರ್ಮನಿಯ ವಿಲ್ಹೆಲ್ಮ್ ವೈನ್‌ಬರ್ಗ್ ೧೯೧೨ರಷ್ಟು ಹಿಂದೆಯೇ ಒಂದು ಬಗೆಯ ಕುಬ್ಜತೆ ಕಡೆಯ ಮಕ್ಕಳಲ್ಲಿ ಹೆಚ್ಚೆಂದು ಗುರುತಿಸಿದ್ದರು; ಅದಕ್ಕೆ ತಂದೆಯ ವಯಸ್ಸು ಕಾರಣವೆಂಬುದು ಮುಂದೆ ಸ್ಪಷ್ಟವಾಯಿತು. ೨೦೧೨ರಲ್ಲಿ ಐಸ್‌ಲ್ಯಾಂಡಿನಲ್ಲಿ ನಡೆದ ಅಧ್ಯಯನ, ತಂದೆಯ ವಯಸ್ಸು ಒಂದು ವರ್ಷ ಏರಿದಂತೆ ಮಗುವಿನಲ್ಲಿ ಸುಮಾರು ಎರಡು ಹೊಸ ಉತ್ಪರಿವರ್ತನೆಗಳು ಹೆಚ್ಚುವುದನ್ನು ತೋರಿಸಿತು.

ದೇಹದ ಮಿತಿಯನ್ನು ದಾಟುವ ಪ್ರಯತ್ನಕ್ಕೆ ೧೯೭೮ ಆರಂಭದ ವರ್ಷ. ಆ ವರ್ಷ ಜುಲೈನಲ್ಲಿ ಇಂಗ್ಲೆಂಡಿನಲ್ಲೂ, ಅಕ್ಟೋಬರಿನಲ್ಲಿ ಕೊಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದಲೂ ಪ್ರನಾಳ ಶಿಶುಗಳು ಜನಿಸಿದವು. ಬಂಜೆತನದ ಚಿಕಿತ್ಸೆಯಾಗಿ ಬಂದ ಈ ವಿಧಾನ ಕ್ರಮೇಣ ವಯಸ್ಸಿನ ಚಿಕಿತ್ಸೆಯೂ ಆಯಿತು. ಆದರೆ ಗರ್ಭಕೋಶಕ್ಕಿಂತ ಮೊದಲು ಮುಪ್ಪಾಗುವುದು ಅಂಡಾಣು. ನಲವತ್ತು ದಾಟಿದವರಲ್ಲಿ ಸ್ವಂತ ಅಂಡಾಣುವಿನಿಂದ ಫಲ ದೊರೆಯುವುದು ವಿರಳವಾಗುತ್ತ ಹೋಗುತ್ತದೆ. ೨೦೧೯ರಲ್ಲಿ ಆಂಧ್ರಪ್ರದೇಶದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅವಳಿ ಮಕ್ಕಳನ್ನು ಹೆತ್ತ ಸುದ್ದಿ ದೇಶಾದ್ಯಂತ ಚರ್ಚೆಗೆ ಒಳಗಾಯಿತು. ೨೦೨೧ರ ಸಂತಾನ ಸಹಾಯಕ ತಂತ್ರಜ್ಞಾನ ಕಾಯ್ದೆ ಈ ಸೇವೆಗೆ ಸ್ತ್ರೀಗೆ ೫೦, ಪುರುಷನಿಗೆ ೫೫ ವರ್ಷಗಳ ಮೇಲ್ಮಿತಿಯನ್ನು ವಿಧಿಸಿತು. ಅಂಡಾಣು ನೀಡುವವಳು ೨೩ರಿಂದ ೩೫ರ ಒಳಗಿರಬೇಕು, ಜೀವಮಾನದಲ್ಲಿ ಒಮ್ಮೆ ಮಾತ್ರ ನೀಡಬೇಕು ಎಂದೂ ಗೊತ್ತುಪಡಿಸಿತು. ಒಬ್ಬಳು ಮುಂದೂಡಿದ ತಾಯ್ತನದ ಭಾರದ ಒಂದು ಪಾಲು ಇನ್ನೊಬ್ಬ ಎಳೆಯಳ ದೇಹದ ಮೇಲೆ ಬೀಳುವುದನ್ನು ಈ ವಿಧಿ ಪರೋಕ್ಷವಾಗಿ ಒಪ್ಪಿಕೊಂಡಿದೆ. ೧೮೯೪ರ ಕಾನೂನಿನಂತೆ ಇಲ್ಲಿಯೂ ಪುರುಷನ ವಯಸ್ಸು ಗಣನೆಗೆ ಬಂದಿರುವುದು ಆಕಸ್ಮಿಕವಲ್ಲ. ಮುದಿ ಗಂಡನ ಎಳೆಯ ಹೆಂಡತಿಯ ಗತಿಯೇನು ಎಂಬುದು ಅಂದಿನ ಪ್ರಶ್ನೆಯಾದರೆ, ಮುದಿ ತಂದೆತಾಯಿಯರ ಎಳೆಯ ಮಗುವಿನ ಗತಿಯೇನು ಎಂಬುದು ಇಂದಿನ ಪ್ರಶ್ನೆ.

ಕರ್ನಾಟಕದ ಅಂಕಿಅಂಶಗಳು ಈ ಚರಿತ್ರೆಗೆ ಮತ್ತೊಂದು ಮುಖವನ್ನು ಒದಗಿಸುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಂತೆ ರಾಜ್ಯದ ಒಟ್ಟು ಫಲವತ್ತತೆ ದರ ೧೯೯೨-೯೩ರಲ್ಲಿ ೨.೮೫ ಇದ್ದುದು ೨೦೧೯-೨೧ರ ವೇಳೆಗೆ ೧.೭ಕ್ಕೆ ಇಳಿದಿತ್ತು. ಯುರೋಪಿನಲ್ಲಿ ಇಂತಹ ಇಳಿಕೆಯೊಂದಿಗೆ ಮೊದಲ ಹೆರಿಗೆಯ ವಯಸ್ಸು ಮೂವತ್ತರ ಸಮೀಪಕ್ಕೆ ಸರಿಯಿತು. ಇಲ್ಲಿ ಹಾಗಾಗಲಿಲ್ಲ. ಅದೇ ಸಮೀಕ್ಷೆಯಂತೆ ೨೦ರಿಂದ ೨೪ ವಯಸ್ಸಿನ ಸ್ತ್ರೀಯರಲ್ಲಿ ಶೇ. ೨೧.೩ ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು, ವಿವಾಹಿತೆಯರಲ್ಲಿ ಶೇ. ೫೭ರಷ್ಟು ಮಂದಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು, ಅವರಲ್ಲಿ ಅನೇಕರು ಮೂವತ್ತು ತುಂಬುವುದರೊಳಗೆ. ತಡವಾಗಿ ಆರಂಭಿಸಿ ಅಲ್ಲ, ಬೇಗ ಮುಗಿಸಿ ಕನ್ನಡನಾಡಿನ ಕುಟುಂಬ ಚಿಕ್ಕದಾಯಿತು. ಅದರ ಪಕ್ಕದಲ್ಲೇ ನಗರಗಳ ವಿದ್ಯಾವಂತ ವರ್ಗದಲ್ಲಿ ಮೂವತ್ತರ ನಂತರದ ಚೊಚ್ಚಲ ಹೆರಿಗೆ ಕಾಣಿಸಿಕೊಂಡಿದೆ. ಒಂದೇ ಜಿಲ್ಲೆಯಲ್ಲಿ ಒಬ್ಬಳು ಹೆರುವುದನ್ನು ಮುಗಿಸಿದ ವಯಸ್ಸಿನಲ್ಲಿ ಇನ್ನೊಬ್ಬಳು ಅದನ್ನು ಆರಂಭಿಸುತ್ತಾಳೆ.

ತಡಮಾಡುವುದರ ಬೆಲೆ ನಿಶ್ಚಿತವಾದುದು. ಡೆನ್ಮಾರ್ಕಿನ ದಾಖಲೆಗಳನ್ನು ಆಧರಿಸಿ ೨೦೦೦ದಲ್ಲಿ ಪ್ರಕಟವಾದ ಅಧ್ಯಯನ, ನಲವತ್ತೆರಡರ ವೇಳೆಗೆ ಬಯಸಿ ತಾಳಿದ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗುತ್ತವೆ ಎಂದು ಕಂಡಿತು. ರಕ್ತದೊತ್ತಡ, ಗರ್ಭಾವಸ್ಥೆಯ ಮಧುಮೇಹ, ಶಸ್ತ್ರಚಿಕಿತ್ಸೆಯ ಹೆರಿಗೆ ಇವೆಲ್ಲ ವಯಸ್ಸಿನೊಡನೆ ಹೆಚ್ಚುತ್ತವೆ. ಪ್ರತಿಯಾಗಿ ದೊರೆಯುವುದೂ ಅಲ್ಪವಲ್ಲ. ಸ್ವೀಡನ್ನಿನ ಒಡಹುಟ್ಟಿದವರನ್ನು ಹೋಲಿಸಿ ೨೦೧೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಯಿಯ ಹೆಚ್ಚಿನ ವಯಸ್ಸಿನಲ್ಲಿ ಹುಟ್ಟಿದವರು ಅಣ್ಣಅಕ್ಕಂದಿರಿಗಿಂತ ಹೆಚ್ಚು ಓದಿದ್ದರು. ಅವರು ಹುಟ್ಟಿದ ಕಾಲವೇ ಹೆಚ್ಚು ಅನುಕೂಲಕರವಾಗಿತ್ತು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ೨೦೦೧-೦೩ರಲ್ಲಿ ೨೨೮ ಇದ್ದುದು ೨೦೧೮-೨೦ರಲ್ಲಿ ೬೯ಕ್ಕೆ ಇಳಿದುದನ್ನೂ ಇಲ್ಲಿ ನೆನೆಯಬೇಕು. ಆಸ್ಪತ್ರೆ ಕೈಗೆಟಕುವವಳಿಗೆ ತಡವಾದ ಹೆರಿಗೆ ಮೊದಲಿನಷ್ಟು ಅಪಾಯಕಾರಿಯಲ್ಲ. ಎಟಕದವಳಿಗೆ ಯಾವ ವಯಸ್ಸಿನ ಹೆರಿಗೆಯೂ ನಿರಪಾಯವಲ್ಲ.

ಹೀಗೆ ನೂರಮೂವತ್ತು ವರ್ಷಗಳಲ್ಲಿ ವಯಸ್ಸಿನ ಗೆರೆಗಳನ್ನು ಮನೆ, ಪ್ರಭುತ್ವ, ವೈದ್ಯ, ಶಾಸನ ಸರದಿಯಂತೆ ಎಳೆದಿವೆ, ಅಳಿಸಿವೆ. ದೇಹದ ಗೆರೆ ಮಾತ್ರ ಹೆಚ್ಚು ಸರಿದಿಲ್ಲ. ಓದು, ಉದ್ಯೋಗ, ತಾಯ್ತನ ಮೂರೂ ಸ್ತ್ರೀಯ ಅದೇ ಹದಿನೈದು ವರ್ಷಗಳ ಮೇಲೆ ಹಕ್ಕು ಸಾಧಿಸುವ ವ್ಯವಸ್ಥೆ ಇರುವವರೆಗೆ ಆಯ್ಕೆ ಎಂಬ ಮಾತಿಗೆ ಪೂರ್ಣ ಅರ್ಥ ಬರಲಾರದು. ಗೆರೆಗಳನ್ನು ಎಳೆದವರ ಪಟ್ಟಿಯಲ್ಲಿ ಹೆರುವವಳ ಹೆಸರು ತೀರ ಈಚಿನದು ಎಂಬುದೇ ಈ ಚರಿತ್ರೆಯ ಮುಖ್ಯ ಸಂಗತಿ.